ಏರ್‌ಪೋರ್ಟಿನಲ್ಲಿ ಅತ್ತೆಗೆ ಕಾಲಿಲ್ಲ

ನನ್ನ ಅತ್ತೆಗೆ ಕಾಲಿಲ್ಲ. ಗಾಬರಿಯಾಗಬೇಡಿ, ಏರ್‌ಪೋರ್ಟಿನ ಒಳಗೆ ಮಾತ್ರ ಇಲ್ಲ! ಹೊರಗೆ ಉಂಟು, ಬೇಕಾದಷ್ಟು ಗಟ್ಟಿಯಾಗಿಯೇ ಉಂಟು. ಅರುವತ್ತಮೂರರ ಪ್ರಾಯದಲ್ಲೂ ಅವರು ಹಲಸಿನಕಾಯಿಯನ್ನು ಸೊಂಟಕ್ಕೇರಿಸಿಕೊಂಡು ಗುಡ್ಡೆ ಇಳಿಯುತ್ತಾರೆ. ವೇಣೂರು ಪೇಟೆಯಲ್ಲಿ ಬಸ್ಸು ಹೊರಟರೆ ಕಂಡಕ್ಟರನಿಗಿಂತ ಮೊದಲು ಹಾರಿ ಹತ್ತುತ್ತಾರೆ. ಅಂಥ ಅತ್ತೆ ಬಜಪೆಯ ಏರ್‌ಪೋರ್ಟಿನ ಬಾಗಿಲು ಕಂಡದ್ದೇ ತಡ, ನನ್ನ ಭುಜ ಹಿಡಿದು, "ಅಯ್ಯೋ, ಕಾಲಿನ ಗಂಟು ಹಿಡಿಯಿತು ಮಾರಾಯ" ಎಂದು ಕುಂಟಲು ಶುರು ಮಾಡುತ್ತಾರೆ. ಗಾಲಿಕುರ್ಚಿ ಬರುತ್ತದೆ. ಅತ್ತೆ ಕೂರುತ್ತಾರೆ, ಸೆರಗು ಸರಿಮಾಡಿಕೊಳ್ಳುತ್ತಾರೆ, ನನ್ನತ್ತ ಕೈಬೀಸುತ್ತಾರೆ. ಆ ಮೇಲೆ ಅವರ ಕಾಲಿಗೆ ಜೀವ ಬರುವುದು ದೆಹಲಿಯ ಏರ್‌ಪೋರ್ಟಿನಿಂದ ಹೊರಗೆ ಬಂದ ಮೇಲೆಯೇ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ವೇಣೂರಿನಲ್ಲಿ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ಹಲಸಿನ ಹಪ್ಪಳ ಮಾಡುತ್ತಾರೆ. ಪ್ಯಾಕೆಟ್ಟಿನ ಮೇಲಿನ ಲೇಬಲ್ಲು ಅಚ್ಚಾಗುವುದು ಮೂಡುಬಿದಿರೆಯ ನನ್ನ ಪ್ರೆಸ್ಸಿನಲ್ಲಿ. ಮೂರು ವರ್ಷದ ಹಿಂದೆ ದೆಹಲಿಯ ಒಂದು ಕಂಪೆನಿಗೆ ಈ ಹಪ್ಪಳದ ರುಚಿ ಹತ್ತಿತು ನೋಡಿ! ಅಲ್ಲಿಂದ ಅವರು ಮೂರು ನಾಲ್ಕು ತಿಂಗಳಿಗೊಮ್ಮೆ ಅತ್ತೆಯನ್ನು ಮೀಟಿಂಗಿಗೆ ಕರೆಸುತ್ತಾರೆ, ವಿಮಾನದ ಟಿಕೆಟ್ಟನ್ನೂ ಅವರೇ ಕಳಿಸುತ್ತಾರೆ. ಆ ದಿನದಿಂದ ಅತ್ತೆ "ದೆಹಲಿಗೆ ಹೋಗ್ತೇನೆ" ಎಂದದ್ದನ್ನು ಯಾರೂ ಕೇಳಿಲ್ಲ. "ಬರುವ ವಾರ ಬಿಸಿನೆಸ್ ಟ್ರಾವೆಲ್ ಉಂಟು. ಓಮ್ನಿ ತೊಳೆದು ತಾ" ಎನ್ನುತ್ತಾರೆ. ಓಮ್ನಿ ವ್ಯಾನು ನನ್ನದು, ಡ್ರೈವರೂ ನಾನೇ.

ನಿಜವಾಗಿ ಕಾಲು ಬಾರದವರು ಆ ಮನೆಯಲ್ಲಿ ಬೇರೆ ಒಬ್ಬರಿದ್ದಾರೆ. ಮಾವ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮಾಷ್ಟ್ರಾಗಿದ್ದವರು. ಅವರ ಸೀಟಿ ಕೇಳಿದರೆ ಮಕ್ಕಳು ಬಿಡಿ, ಮೈದಾನದಲ್ಲಿ ಮೇಯುವ ದನಗಳೂ ಸಾಲಾಗಿ ನಿಲ್ಲುತ್ತಿದ್ದವಂತೆ! ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಎಡಗಾಲು ಸೋತಿತು. ಬೆಳ್ತಂಗಡಿಯಲ್ಲಿರುವ ಮಗಳು, ಅಳಿಯ ಸೇರಿ ಒಳ್ಳೆಯ ಗಾಲಿಕುರ್ಚಿ ತಂದುಕೊಟ್ಟರು. ಮಾವ ಅದನ್ನು ಒಮ್ಮೆ ನೋಡಿದರು, ಅಷ್ಟೇ.

"ಊರಿನ ಮಕ್ಕಳನ್ನೆಲ್ಲ ಓಡಿಸಿದವ ನಾನು. ನನ್ನನ್ನು ದೂಡಿಕೊಂಡು ಹೋಗುವುದಾ? ಅದು ಆಗುವ ಮಾತಲ್ಲ."

ಅಲ್ಲಿಗೆ ಮುಗಿಯಿತು. ಗೋಡೆ ಹಿಡಿದು, ಅತ್ತೆಯ ಹೆಗಲು ಹಿಡಿದು ಹಾಸಿಗೆಯಿಂದ ಜಗಲಿಗೆ ಬರುತ್ತಿದ್ದರು, ಜಗಲಿಯಿಂದ ಹಾಸಿಗೆಗೆ ಹೋಗುತ್ತಿದ್ದರು. ದಿನವೂ ಬೆಳಿಗ್ಗೆ ಬಸದಿಗೆ ಹೋಗಿ ಬಂದೇ ಕಾಫಿ ಕುಡಿಯುತ್ತಿದ್ದವರು ಕಾಲು ಸೋತ ಮೇಲೆ ಅಂಗಳಕ್ಕೂ ಇಳಿಯಲಿಲ್ಲ. ಮಾತೂ ಕಡಿಮೆಯಾಗುತ್ತಾ ಬಂತು. ಹೀಗೇ ಆದರೆ ಮನುಷ್ಯ ಒಳಗೊಳಗೇ ಮುಗಿದುಹೋಗುತ್ತಾರೆ ಎಂದು ನಮಗೆಲ್ಲ ಹೆದರಿಕೆ.

ಗಾಲಿಕುರ್ಚಿ ಏನಾಯಿತು ಎಂದು ಕೇಳಿದಿರಾ? ಅತ್ತೆ ಅದರ ಮೇಲೆ ಬಿದಿರಿನ ತಡಿಕೆ ಇಟ್ಟು ಹಪ್ಪಳ ಒಣಗಿಸುತ್ತಿದ್ದರು! ಬಿಸಿಲು ಸರಿದ ಹಾಗೆ ಅಂಗಳದ ಈ ತುದಿಯಿಂದ ಆ ತುದಿಗೆ ದೂಡುತ್ತಿದ್ದರು. ಇಡೀ ತಾಲೂಕಿನಲ್ಲಿ ಗಾಲಿಕುರ್ಚಿಯಲ್ಲಿ ಕೂತು ಬಿಸಿಲು ಕಾಯುವ ಹಪ್ಪಳ ನಮ್ಮ ಅತ್ತೆಯದ್ದು ಮಾತ್ರ ಇರಬೇಕು.

ಒಮ್ಮೆ ನಾನೂ ಅವರ ಜೊತೆ ದೆಹಲಿಗೆ ಹೋಗಿದ್ದೆ, ಹೊಸ ಪ್ರಿಂಟಿಂಗ್ ಯಂತ್ರ ನೋಡಿ ಬರೋಣವೆಂದು. ಬೆಂಗಳೂರಿನಲ್ಲಿ ವಿಮಾನ ಬದಲಿಸಬೇಕಿತ್ತು, ಮೂರು ಗಂಟೆ ಬಿಡುವು. ಕಂಪೆನಿಯವರು ಕೊಟ್ಟ ಪಾಸಿನಲ್ಲಿ ಇಬ್ಬರಿಗೂ ಲೌಂಜಿನ ಒಳಗೆ ಪ್ರವೇಶ ಇತ್ತು. ಮೆತ್ತನೆಯ ಸೋಫಾ, ತಣ್ಣನೆಯ ಗಾಳಿ, ಸಾಲಾಗಿ ಬಿಸಿ ಪಾತ್ರೆಗಳು. ಎಷ್ಟು ಬೇಕಾದರೂ ಬಡಿಸಿಕೊಂಡು ತಿನ್ನಬಹುದು. ಅತ್ತೆ ಇಡ್ಲಿ ತಿಂದರು, ಕೇಸರಿಬಾತ್ ಎರಡು ಸಲ ಹಾಕಿಸಿಕೊಂಡರು, ಕೈ ತೊಳೆದರು. ಹೊರಡುವಾಗ ಬ್ಯಾಗಿನಿಂದ ಎರಡು ಪ್ಯಾಕೆಟ್ ಹಪ್ಪಳ ತೆಗೆದು, ಬಾಗಿಲಲ್ಲಿ ಕೂತ ಕೋಟಿನ ಹುಡುಗಿಯ ಮುಂದಿಟ್ಟರು.

ಆ ಹುಡುಗಿ ಕಂಗಾಲು! "ಮೇಡಂ, ಏನಿದು?"

"ಇಟ್ಟುಕೊಳ್ಳಿ. ಉಂಡ ಮನೆಯಿಂದ ಬರಿಗೈಯಲ್ಲಿ ಎದ್ದು ಬರುವ ಕ್ರಮ ನಮ್ಮಲ್ಲಿ ಇಲ್ಲ."

"ಇದು ಮನೆಯಲ್ಲ ಮೇಡಂ, ಲೌಂಜು."

"ಆಗಲಿ. ಅಡುಗೆ ಮಾಡಿದವರು ಮನುಷ್ಯರೇ ಅಲ್ವಾ?" ಎಂದರು ಅತ್ತೆ. ಹುಡುಗಿ ಅತ್ತ ಇತ್ತ ನೋಡಿ ಹಪ್ಪಳವನ್ನು ಮೆಲ್ಲಗೆ ಡ್ರಾಯರಿನ ಒಳಗೆ ಇಟ್ಟುಕೊಂಡಳು.

ಇನ್ನು ವಿಮಾನದ ಊಟ. ನಾವು ಜೈನರು, ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಮುಟ್ಟುವುದಿಲ್ಲ. ಮೊದಲೇ ಹೇಳಿಟ್ಟರೆ ವಿಮಾನದಲ್ಲಿ ಜೈನ ಊಟ ಬೇರೆಯೇ ಬರುತ್ತದೆ ಎಂದು ತಿಳಿದ ದಿನ ಅತ್ತೆಯ ಸಂಭ್ರಮ ನೋಡಬೇಕಿತ್ತು! "ಕೆಳಗೆ ಮದುವೆಮನೆಯಲ್ಲಿ ಸಾಂಬಾರಿಗೆ ಎಂತ ಹಾಕಿದ್ದಾರೆ ಅಂತ ಹತ್ತು ಜನರ ಹತ್ರ ಕೇಳಬೇಕು. ಆಕಾಶದಲ್ಲಿ ನಮಗೇ ಬೇರೆ ಪಂಕ್ತಿ ಉಂಟು!"

ಆದರೆ ಇನ್ನೊಂದು ನಿಯಮವೂ ಉಂಟಲ್ಲ, ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು. ಬರುವಾಗ ಸಂಜೆಯ ವಿಮಾನ. ಊಟದ ಗಾಡಿ ಎಲ್ಲೋ ಹನ್ನೆರಡನೇ ಸಾಲಿನಲ್ಲಿ ತೆವಳುತ್ತಿದೆ, ನಾವು ಇಪ್ಪತ್ತನೆಯ ಸಾಲಿನಲ್ಲಿ. ಅತ್ತೆ ಕಿಟಕಿಗೆ ಮೂಗು ಒತ್ತಿ ಕೂತಿದ್ದರು. ಕೆಳಗೆ ಊರುಗಳಲ್ಲಿ ದೀಪ ಹತ್ತಿದೆ, ನಮ್ಮ ಕಿಟಕಿಯಲ್ಲಿ ಮಾತ್ರ ಸೂರ್ಯ ಇನ್ನೂ ಕೆಂಪಗೆ ನಿಂತಿದ್ದಾನೆ.

"ನೋಡು ಮಾರಾಯ, ಕೆಳಗಿನವರಿಗೆ ಸೂರ್ಯ ಹೋಗಿ ಆಯ್ತು. ನಮಗೆ ಹತ್ತು ನಿಮಿಷ ಬೋನಸ್!" ಎಂದವರೇ ಕರೆಗಂಟೆ ಒತ್ತಿದರು. ಗಗನಸಖಿ ಓಡಿ ಬಂದಳು. "ಮಗಾ, ನನ್ನದು ಬೇಗ ಕೊಡು. ಅವನು ಹೊರಟ" ಎಂದು ಕಿಟಕಿಯತ್ತ ಬೆರಳು ತೋರಿಸಿದರು. ಯಾರು ಹೊರಟದ್ದು, ಎಲ್ಲಿಗೆ ಎಂದು ಆ ಹುಡುಗಿಗೆ ತಿಳಿಯಲಿಲ್ಲ, ಆದರೂ ಊಟ ಬಂತು. ಸೂರ್ಯನೂ ಅತ್ತೆಯೂ ಒಟ್ಟಿಗೆ ಮುಗಿಸಿದರು.

ಇಷ್ಟೆಲ್ಲ ನನಗೆ ಇಷ್ಟವೇ. ಆದರೆ ಆ ಗಾಲಿಕುರ್ಚಿ! ಅದೊಂದನ್ನು ನಾನು ಒಪ್ಪಲಿಲ್ಲ. ಕೂತು ಸುಮ್ಮನಿದ್ದರಾದರೂ ಆಗುತ್ತಿತ್ತು, ದೂಡುವವರ ತಲೆ ತಿನ್ನುತ್ತಾರೆ. ಬಜಪೆಯಲ್ಲಿ ದೂಡುವವರು ಫರಂಗಿಪೇಟೆಯ ಒಬ್ಬರು ನಡುಪ್ರಾಯದ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು. ಅವರ ಹತ್ತಿರ, "ಇಳಿಜಾರಿನಲ್ಲಿ ಯಾಕೆ ತಿರುಗಿಸಿ ಹಿಂದೆ ಹಿಂದೆ ಇಳಿಸಿದ್ರಿ? ಮೆಟ್ಟಿಲು ಸಿಕ್ಕಿದರೆ ಎಂತ ಮಾಡ್ತೀರಿ? ಭಾರದ ಜನ ಆದರೆ ಎಬ್ಬಿಸುವುದು ಹೇಗೆ?" ಬೆಂಗಳೂರಿನಲ್ಲೂ ಅದೇ ಪ್ರಶ್ನೆ, ದೆಹಲಿಯಲ್ಲಿ ಭಾಷೆ ಬಾರದಿದ್ದರೂ ಕೈಸನ್ನೆಯಲ್ಲಿ ಅದೇ ಪ್ರಶ್ನೆ. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವ ಹಾಗಾಗುತ್ತಿತ್ತು. ಕೊನೆಗೆ ಒಂದು ದಿನ ಓಮ್ನಿಯಲ್ಲಿ ಮನೆಗೆ ಮರಳುವಾಗ ಸಿಟ್ಟು ಬಂದು ಹೇಳಿಯೇಬಿಟ್ಟೆ.

"ಅತ್ತೆ, ಇದು ಸರಿಯಲ್ಲ. ನಿಮ್ಮಿಂದಾಗಿ ನಿಜವಾಗಿ ಬೇಕಾದವರಿಗೆ ಕುರ್ಚಿ ಸಿಗುವುದಿಲ್ಲ."

"ನಿಜವಾಗಿ ಬೇಕಾದವರು ಕೂತುಕೊಳ್ಳುವುದಿಲ್ಲವಲ್ಲ ಮಾರಾಯ" ಎಂದರು. ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡಿರುತ್ತಾರೆ ಎಂದು ನಾನು ಗೊಣಗಿ ಗೇರ್ ಬದಲಿಸಿದೆ.

ಮನೆಗೆ ಬಂದರೆ ಜಗಲಿಯಲ್ಲಿ ಮಾವನ ಎದುರು ಪ್ರತಿ ಸಲವೂ ಅದೇ ವರದಿ. "ಗೊತ್ತುಂಟಾ, ಎಲ್ಲರಿಗಿಂತ ಮೊದಲು ವಿಮಾನ ಹತ್ತಿದ್ದು ನಾನು. ಟೈ ಕಟ್ಟಿದವರೆಲ್ಲ ಸಾಲಿನಲ್ಲಿ ನಿಂತು ನನ್ನನ್ನೇ ನೋಡ್ತಿದ್ದರು. ನನ್ನ ಹಿಂದಿನ ಗಾಲಿಕುರ್ಚಿಯಲ್ಲಿ ಒಬ್ಬರು ಮಿಲಿಟರಿಯವರು. ಎಷ್ಟು ಗತ್ತು ಅಂತೀರಿ!"

"ಕಾಲು ಸರಿ ಇದ್ದವಳಿಗೆ ಕುರ್ಚಿ. ಮಾನ ಮರ್ಯಾದೆ ಉಂಟಾ ನಿನಗೆ?" ಎನ್ನುತ್ತಿದ್ದರು ಮಾವ. ಇಡೀ ವಾರದಲ್ಲಿ ಅವರು ಆಡುತ್ತಿದ್ದ ಅತಿ ಉದ್ದದ ಮಾತು ಅದೇ. ಸ್ವಲ್ಪ ಹೊತ್ತು ಬಿಟ್ಟು, "ಮಿಲಿಟರಿಯವರು ಅಂದರೆ ಯಾವ ರ‍್ಯಾಂಕು?" ಎಂದೂ ಕೇಳಿದ್ದರು.

ಕಳೆದ ಬೇಸಗೆಯಲ್ಲಿ ಅತ್ತೆ ನನ್ನ ಪ್ರೆಸ್ಸಿಗೆ ಬಂದರು. ಲೇಬಲ್ಲಿಗೆ ಎಂದುಕೊಂಡೆ. ಅವರು ಪ್ಲಾಸ್ಟಿಕ್ ಕವರಿನಿಂದ ಹಳೆಯ ಬೋರ್ಡಿಂಗ್ ಪಾಸ್ ತೆಗೆದು ಮೇಜಿನ ಮೇಲಿಟ್ಟರು.

"ಇದೇ ನಮೂನೆ ಒಂದು ಪ್ರಿಂಟ್ ಮಾಡಿ ಕೊಡು. ಹೆಸರು ನಿನ್ನ ಮಾವನದ್ದು."

"ಎಲ್ಲಿಗೆ?"

"ಜಗಲಿಯಿಂದ ಬಸದಿಗೆ."

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ, ಕಾಗದದ ರಟ್ಟನ್ನು ಬೆರಳಲ್ಲಿ ಒತ್ತಿ ಗಟ್ಟಿ ಉಂಟೋ ಎಂದು ಪರೀಕ್ಷಿಸುತ್ತಿದ್ದರು. ಇಷ್ಟು ಕಾಲ ಅವರನ್ನು ನೋಡಿ ನಗುತ್ತಿದ್ದ ನಾನು ಎದ್ದು ಹೋಗಿ ರಟ್ಟುಗಳ ಕಟ್ಟು ಬಿಚ್ಚಿದೆ. ನನ್ನಲ್ಲಿದ್ದ ಅತಿ ಒಳ್ಳೆಯ ರಟ್ಟಿನಲ್ಲಿ ಪ್ರಿಂಟ್ ಮಾಡಿದೆ. ಸೀಟ್ ನಂಬರ್ ಒಂದು, ಕಿಟಕಿಯ ಬದಿ. ಊಟ ಜೈನ. ಹೊರಡುವ ಸಮಯ ಬೆಳಿಗ್ಗೆ ಏಳೂವರೆ.

ಮರುದಿನ ನಾನೂ ವೇಣೂರಿನಲ್ಲಿದ್ದೆ. ತಡಿಕೆ ಇಳಿಸಿ, ಹಪ್ಪಳದ ಹುಡಿ ಒರೆಸಿ, ಗಾಲಿಕುರ್ಚಿಯನ್ನು ಜಗಲಿಯ ಬದಿಗೆ ತಂದು ನಿಲ್ಲಿಸಿ ಆಗಿತ್ತು. ಅದರ ಹಿಡಿಗೆ ಏರ್‌ಪೋರ್ಟಿನ ಲಗೇಜ್ ಚೀಟಿಯನ್ನೂ ಕಟ್ಟಿದ್ದರು. ಅತ್ತೆ ಪಾಸನ್ನು ಮಾವನ ಕೈಗೆ ಕೊಟ್ಟು ಕುರ್ಚಿಯ ಹಿಂದೆ ಹೋಗಿ ನಿಂತರು. ಮಾವ ಕನ್ನಡಕ ಹಾಕಿಕೊಂಡರು. ಓದಿದರು. ತಿರುಗಿಸಿ ಹಿಂದೆಯೂ ನೋಡಿದರು. ಹರಿದು ಬಿಸಾಡುತ್ತಾರೆಂದೇ ನಾನು ಎಣಿಸಿದೆ.

"ಇದರಲ್ಲಿ ಏಳೂವರೆ ಅಂತ ಉಂಟು" ಎಂದರು ಮಾವ. "ಈಗ ಏಳು ಮುಕ್ಕಾಲು."

ಅತ್ತೆ ತಡಮಾಡಲಿಲ್ಲ. "ವಿಮಾನ ಲೇಟು. ಹಾಗೆ ಆಗುವುದುಂಟು."

ಮಾವ ಪಾಸನ್ನು ಮಡಚದೆ ಅಂಗಿಯ ಕಿಸೆಗೆ ಹಾಕಿಕೊಂಡರು. ಆಮೇಲೆ ಕೈ ಮುಂದೆ ಚಾಚಿದರು.

ನಾನು ಸಹಾಯಕ್ಕೆ ಓಡಿದರೆ ಅತ್ತೆ, "ನೀನು ಆಚೆ ಸರಿ, ನನಗೆ ಗೊತ್ತುಂಟು" ಎಂದರು. ಮೊದಲು ಚಕ್ರದ ಬ್ರೇಕು ಹಾಕಿದರು, ಕಾಲಿಡುವ ಹಲಗೆ ಮಡಚಿದರು, ತನ್ನ ಮೊಣಕಾಲಿನಿಂದ ಅವರ ಸೋತ ಕಾಲಿಗೆ ಆಧಾರ ಕೊಟ್ಟು ಒಂದೇ ತಿರುವಿನಲ್ಲಿ ಕೂರಿಸಿಬಿಟ್ಟರು. ಗೇಟಿನ ಹೊರಗಿನ ಇಳಿಜಾರು ಬಂದಾಗ ಕುರ್ಚಿಯನ್ನು ತಿರುಗಿಸಿ, ತಾನು ಕೆಳಬದಿಗೆ ನಿಂತು, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಇಳಿಸಿದರು. ಫರಂಗಿಪೇಟೆಯ ಆ ಮನುಷ್ಯ ಹೇಳಿಕೊಟ್ಟದ್ದರಲ್ಲಿ ಒಂದೂ ತಪ್ಪಲಿಲ್ಲ.

ನಾನು ಪಕ್ಕದಲ್ಲಿ ನಡೆಯುತ್ತಾ ಮೆಲ್ಲಗೆ ಕೇಳಿದೆ. "ದೂಡುವುದನ್ನು ನಿಂತು ನೋಡಿ ಕಲಿಯಬಹುದಿತ್ತಲ್ಲ ಅತ್ತೆ. ಕೂತದ್ದು ಯಾಕೆ?"

"ದೂಡುವುದು ಯಾರಿಗೂ ಬರ್ತದೆ. ಕೂತವರಿಗೆ ಎಲ್ಲಿ ಹೆದರಿಕೆ ಆಗ್ತದೆ, ಎಲ್ಲಿ ನಾಚಿಕೆ ಆಗ್ತದೆ, ಅದು ಕೂತರೇ ಗೊತ್ತಾಗುವುದು." ಸೆರಗಿನಲ್ಲಿ ಬೆವರು ಒರೆಸಿಕೊಂಡರು. "ಮೊದಲ ದಿನ ನನಗೂ ಅಳು ಬಂದಿತ್ತು ಮಾರಾಯ. ಎಲ್ಲರೂ ಮೇಲಿನಿಂದ ನೋಡ್ತಾರೆ."

ನಾನೂ ಕುರ್ಚಿಯ ಹಿಡಿಗೆ ಒಂದು ಕೈ ಕೊಟ್ಟೆ. ಬಸದಿಯ ಹತ್ತಿರ ಅಂಗಡಿಯವನೊಬ್ಬ, ಮಾವನ ಹಳೆಯ ವಿದ್ಯಾರ್ಥಿ, ಅರ್ಧ ತೂಗಿದ ಅಕ್ಕಿಯನ್ನು ಬಿಟ್ಟು ರಸ್ತೆಗೆ ಓಡಿ ಬಂದು, ಕಾಲು ಜೋಡಿಸಿ ನಿಂತು "ನಮಸ್ತೆ ಸಾರ್!" ಎಂದ. ಮಾವ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, "ಹೊಟ್ಟೆ ಒಳಗೆ ತಕೊಳ್ಳೋ" ಎಂದರು.

ಮೊನ್ನೆ ಅತ್ತೆಗೆ ಮತ್ತೆ ಬಿಸಿನೆಸ್ ಟ್ರಾವೆಲ್. ಓಮ್ನಿಯಲ್ಲಿ ಈ ಸಲ ಮಾವನೂ ಇದ್ದರು, ಕಿಟಕಿಯ ಬದಿಯಲ್ಲಿ. ಬಜಪೆಯಲ್ಲಿ ಫರಂಗಿಪೇಟೆಯವರು ವಾಡಿಕೆಯಂತೆ ಕುರ್ಚಿ ದೂಡಿಕೊಂಡು ಬಂದರು. "ಕೂತುಕೊಳ್ಳಿ ಅಮ್ಮ."

"ನನಗೆ ಬೇಡ ಮಾರಾಯ್ರೆ, ಬೇಕಾದವರಿಗೆ ಕೊಡಿ" ಎಂದರು ಅತ್ತೆ. ಅವರ ಕೈಗೆ ಒಂದು ಪ್ಯಾಕೆಟ್ ಹಪ್ಪಳ ತುರುಕಿ, ಬ್ಯಾಗನ್ನು ಹೆಗಲಿಗೇರಿಸಿಕೊಂಡು ಬಾಗಿಲಿನತ್ತ ನಡೆದೇಬಿಟ್ಟರು. ಕುಂಟಲಿಲ್ಲ, ತಿರುಗಿಯೂ ನೋಡಲಿಲ್ಲ.

ಮಾವ ಗಾಜು ಇಳಿಸಿ, ಅತ್ತೆ ಕಾಣದಾಗುವವರೆಗೂ ನೋಡುತ್ತಾ ಇದ್ದರು. ಆಮೇಲೆ ನನ್ನತ್ತ ತಿರುಗಿದರು.

"ನಡಿಗೆ ನೋಡಿದೆಯಾ? ಒಂದು ಹೆಜ್ಜೆ ತಪ್ಪುವುದಿಲ್ಲ" ಎಂದರು. "ಅವಳು ಬರುವ ದಿನವೂ ನನ್ನನ್ನು ಕರ್ಕೊಂಡು ಬಾ. ಕುರ್ಚಿ ಮರೆಯಬೇಡ."