ಮಾಮನ ಕಾಫಿ ಮತ್ತು ಅಜ್ಜಿಯ ಅಕ್ಷರ

ನೀವು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ಬೇಜಾರಿಲ್ಲ ಬಿಡಿ. ಆದರೆ ನಾವಿರುವ ಇಡೀ ಮಣಿನಗರ ಬಡಾವಣೆಯಲ್ಲಿ ‘ಹೊಸದು’ ಎಂದರೆ ಬೆವರುವ ಮನುಷ್ಯ ಒಬ್ಬನೇ: ಅಮ್ಮನ ತಮ್ಮ, ನಮ್ಮ ಜೊತೆಗೇ ಇರುವ ಮಾಮ. ಕೆಲಸ ಮಾಡುವುದು ಮಾತ್ರ ಸಂಶೋಧನಾ ಸಂಸ್ಥೆಯಲ್ಲಿ!

ಮೇ ತಿಂಗಳ ಬಿಸಿಲಲ್ಲೂ ಅವನು ಕಾಫಿ ಕುಡಿಯುವುದು ಬಾಲ್ಕನಿಯಲ್ಲಿ, ನಿಂತುಕೊಂಡು. ಲೋಟದಲ್ಲಿ ಕಾಫಿ ಮತ್ತೆ ಕುದಿಯತೊಡಗಿದರೂ ಒಳಗೆ ಬರುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಫ್ಲಾಪಿಯ ಮೇಲೆ ಕಾಫಿ ಚೆಲ್ಲಿದನಂತೆ. ಅಂದಿನಿಂದ ಕಂಪ್ಯೂಟರಿರುವ ಹಾಲಿನಲ್ಲಿ ಅವನಿಗೆ ಕಾಫಿ ಬಂದ್, ಅಮ್ಮನ ಆಜ್ಞೆ.

ಫ್ಲಾಪಿಯಲ್ಲಿ ಅಂಥದ್ದೇನಿತ್ತು? ದಾವಣಗೆರೆಯ ಅಜ್ಜಿಗೆ ಕಣ್ಣು ಮಂಜು. ಹೆಬ್ಬೆರಳಿನಷ್ಟು ದಪ್ಪ ಅಕ್ಷರವಾದರೆ ಮಾತ್ರ ಕಾಗದವನ್ನು ತಾನೇ ಓದಿಕೊಳ್ಳುತ್ತಾಳೆ. ಅದಕ್ಕೆಂದೇ ಮಾಮ ಕನ್ನಡ ಅಕ್ಷರ ಬಿಡಿಸುವ ಪ್ರೋಗ್ರಾಮಿನ ಒಂದು ತುಂಡು ಬರೆದು, ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಕಂಪೈಲ್ ಮಾಡಿ, ತನ್ನ ಪ್ರೋಗ್ರಾಮಿಂಗ್ ಭಾಷೆಗೆ ಅಂಟಿಸಿದ್ದ. ಅಮ್ಮ ಟೈಪು ಮಾಡಿದರೆ ಪ್ರಿಂಟರು ಕಿರುಚಿಕೊಂಡು ಹೆಬ್ಬೆರಳು ಅಕ್ಷರ ಉಗುಳುತ್ತದೆ. ಆದರೆ ಆ ಭಾಷೆಯ ಹೊಸ ಆವೃತ್ತಿ ಹಾಕಿದರೆ ಈ ತುಂಡು ಮಿಸುಕುವುದಿಲ್ಲವಂತೆ. ಭಾಷೆ ಅದೇ, ಹೆಸರೂ ಅದೇ, ಮತ್ತೇಕೆ?

“ಖಾಖ್ರಾ ರೊಟ್ಟಿ ಸುಟ್ಟು ಗರಿಗರಿ ಆದ್ಮೇಲೆ ಡಬ್ಬಿ ಬದಲಾಯ್ತು ಅಂತ ಮಡಚಕ್ಕಾಗುತ್ತಾ?” ಅಂದ ಮಾಮ. “ಹೊಸ ಡಬ್ಬಿ ಅಳತೆಗೆ ಹಿಟ್ಟಿಂದ ಮತ್ತೆ ಲಟ್ಟಿಸ್ಬೇಕು.”

“ಲಟ್ಟಿಸು,” ಅಂದೆ.

“ಹಿಟ್ಟು, ಅಂದ್ರೆ ನಾನು ಬರೆದ ಮೂಲ, ಇದ್ದಿದ್ದು ಆ ಫ್ಲಾಪೀಲಿ.”

ಹಾಗಾಗಿ ಹಳೆಯ ಆವೃತ್ತಿಗೆ ಕಾವಲೋ ಕಾವಲು. ವಡೋದರಾದಲ್ಲಿ ಗೆಳೆಯನ ಮದುವೆಗೆ ಹೋದಾಗ ಯಾರೂ ಮುಟ್ಟದಿರಲೆಂದು ಕಂಪ್ಯೂಟರಿನ ಕರೆಂಟ್ ವೈರನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಹೋದ. ಫೋಟೋದಲ್ಲಿ ಮದುಮಗನಿಗಿಂತ ಎದ್ದು ಕಾಣುವುದು ಆ ಜೇಬು! ಸೂರತ್ತಿನ ವರಾಛಾದಲ್ಲಿ ವಜ್ರ ಉಜ್ಜುವ ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುವ ಇನ್ನೊಬ್ಬ ಗೆಳೆಯ ಹೊಸ ಆವೃತ್ತಿಯ ಫ್ಲಾಪಿಗಳನ್ನು ಪ್ರೀತಿಯಿಂದ ಕೊಟ್ಟ. ಮಾಮ ಅವನ್ನು ಒಂದು ಬೋಗಿಯಲ್ಲಿಟ್ಟು, ತಾನು ಇನ್ನೊಂದು ಬೋಗಿಯಲ್ಲಿ ಕೂತು ಬಂದ. ಸರಿ, ಅದೇ ಬೋಗಿ, ಎದುರು ಸೀಟು.

ಮನೆಗೆ ಬಂದು ಬೀರುವಿನ ಮೇಲಿಟ್ಟ. ಸ್ಟೂಲಿರುವುದು ಅವನಿಗೆ ಮರೆತಿತ್ತು. ಭಾನುವಾರ ಅವನು ಬಾಲ್ಕನಿಯಲ್ಲಿ ಬೇಯುತ್ತಿದ್ದಾಗ ಇಳಿಸಿದೆ. ಹೊಸದನ್ನು ಹಾಕಿ ಕ್ಲಾಸಿನಲ್ಲಿ ಜಂಬ ಕೊಚ್ಚಬೇಕು, ಅಷ್ಟೆ. ಹಳೆಯದನ್ನು ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಅಜ್ಜಿ ನೆನಪಾದಳು. ಬೇಡ ಅಂದೆ. ಕಾಫಿ ಬಿದ್ದ ಫ್ಲಾಪಿಯಲ್ಲಿ ಒಂದು ಚಮಚ ಹಿಟ್ಟಾದರೂ ಉಳಿದಿರಬಹುದಲ್ಲ?

ಮಾಮನ ಡ್ರಾಯರಿನ ತಳದಲ್ಲಿ ಸಿಕ್ಕಿತು. ಮೇಲೆ ‘ಅಕ್ಷರ’ ಎಂದು ಅವನ ಕೈಬರಹ. ಕಾಫಿ ಕಲೆ? ಒಂದು ಹನಿಯೂ ಇಲ್ಲ!

ಹಾಕಿದೆ. ಪರದೆಯ ಮೇಲೆ ಕೆಂಪು ಕಾರು ಓಡಿತು.

ಅದು ನನ್ನ ಕಾರು. ಎರಡು ವರ್ಷದ ಹಿಂದೆ ಗೆಳೆಯನ ಮನೆಯಿಂದ ಆಟ ತರಲು ಖಾಲಿ ಫ್ಲಾಪಿ ಸಿಗದೆ, ಯಾವುದೋ ಒಂದನ್ನು ಅಳಿಸಿದ್ದೆ. ಮೇಲಿದ್ದ ಕನ್ನಡ ಓದಲು ಆಗ ನನಗೆ ಬರುತ್ತಿರಲಿಲ್ಲ.

ಹಿಂದೆ ಮಾಮ ನಿಂತಿದ್ದ. ಲೋಟವನ್ನು ಹೊಸ್ತಿಲಾಚೆಯೇ ಇಟ್ಟಿದ್ದ.

“ನಿಂಗೆ ಗೊತ್ತಿತ್ತಾ?” ಅಂದೆ.

“ಆಟ ಚೆನ್ನಾಗಿದೆ ಕಣೋ. ಮೂರನೇ ತಿರುವಲ್ಲಿ ಮಾತ್ರ ಯಾವಾಗ್ಲೂ ಗುದ್ದಿಸ್ತೀನಿ.”

ಅಷ್ಟರಲ್ಲಿ ಅಮ್ಮ ಬಂದಳು, ಅಜ್ಜಿಯ ಕಾಗದ ಟೈಪು ಮಾಡಲು. ಏನಿದು ಕಾರು ಎಂದು ಕೇಳಿದಳು. ನಂದೇ ಅಕ್ಕ ಎನ್ನುತ್ತಾ ಮಾಮ ಬಾಲ್ಕನಿಯ ಕಡೆ ಹೊರಟ.

“ನಂದು, ಅಮ್ಮ,” ಅಂದೆ. “ಅವತ್ತು ಕಾಫಿ ಚೆಲ್ಲೇ ಇರ್ಲಿಲ್ಲ.”

ಅಮ್ಮ ಗೋಡೆಯ ಮೇಲಿನ ಕಂಪ್ಯೂಟರಿನ ಸ್ವಿಚ್ ಆರಿಸಿದಳು. ಹೊಸ್ತಿಲಾಚೆಯಿದ್ದ ಮಾಮನ ಕಾಫಿ ಲೋಟವನ್ನು ತಂದು ಕಂಪ್ಯೂಟರಿನ ಪಕ್ಕದಲ್ಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.