ಗಂಟಲಿಗೆ ಬಿದ್ದ ಕೆಂಪು ಗೆರೆ

ದೇವರ ಜೊತೆ ಆಡುವುದನ್ನೂ ಮಾತು ಎನ್ನುತ್ತಾರೆಂದು ಈ ವಯಸ್ಸಿನ ತನಕ ನನಗೆ ಯಾರೂ ಹೇಳಿರಲಿಲ್ಲ. ಮಾತೆಂದರೆ ಎದುರಿನವರು ತಿರುಗಿ ಏನಾದರೂ ಅನ್ನಬೇಕಲ್ಲ? ಆ ಲೆಕ್ಕಕ್ಕೆ ಟಿಳಕವಾಡಿಯ ನಮ್ಮ ಮನೆಯಲ್ಲಿ ಯಜಮಾನರ ಜೊತೆ ನಾನು ಆಡುವುದೂ ಮಾತಲ್ಲ. ಅವರು ಪೇಪರಿನಿಂದ ತಲೆ ಎತ್ತುವುದೇ ಇಲ್ಲ.

ನನ್ನ ಎದೆಯಲ್ಲಿದ್ದ ಗಂಟನ್ನು ಹೋದ ವರ್ಷ ಆಪರೇಷನ್ ಮಾಡಿ ತೆಗೆದರು. ಶಿವನ ದಯೆ, ಸಣ್ಣದಿತ್ತು. ಈಗ ಬೇರೆ ಎಲ್ಲಾದರೂ ಹಬ್ಬಿದೆಯೋ ನೋಡಲು ಮೈಯೆಲ್ಲ ಸ್ಕ್ಯಾನ್ ಮಾಡಿಸಬೇಕೆಂದರು. ಅದರಲ್ಲಿ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುತ್ತಾರಂತೆ. ಒಂದು ಒಳಗಿನ ಅಂಗಗಳ ಆಕಾರ ತೋರಿಸಿದರೆ, ಇನ್ನೊಂದು ಯಾವ ಜಾಗ ಹೆಚ್ಚು ಸಕ್ಕರೆ ತಿನ್ನುತ್ತಿದೆ ಎಂದು ಹೊಳೆದು ತೋರಿಸುತ್ತದೆ. ರೋಗದ ಗಂಟಿಗೆ ಸಕ್ಕರೆ ಜಾಸ್ತಿ ಬೇಕಂತೆ. ಆಮೇಲೆ ಕಂಪ್ಯೂಟರು ನಾವು ರಂಗೋಲಿಯ ಚುಕ್ಕಿಗಳನ್ನು ಸುತ್ತಿದ ಹಾಗೆ ಒಂದೊಂದು ಅಂಗದ ಸುತ್ತ ಬಣ್ಣದ ಗೆರೆ ಎಳೆಯುತ್ತದೆ.

ಸಕ್ಕರೆಯಂಥ ಔಷಧಿಯ ಸೂಜಿ ಮಾಡಿದ ನರ್ಸ್, "ಕಾಕೂ, ನಾ ಕರಿಯೂತನಾ ಮಾತಾಡಬ್ಯಾಡ್ರಿ, ಸುಮ್ನ ಮಲಕೊಳ್ರಿ" ಎಂದು ಕೋಣೆಯ ಬಾಗಿಲು ಹಾಕಿಕೊಂಡು ಹೋದಳು. ಫೋನಿಲ್ಲ, ಜನರಿಲ್ಲ. ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಗೊತ್ತಿರುವುದು ಶಿವನಾಮ, ಅದೂ ಬಾಯಿಬಿಟ್ಟು. ಖಾನಾಪುರದ ತವರಿನಲ್ಲಿ ನಮ್ಮವ್ವ ಪಡಸಾಲೆಗೆ ಕೇಳಿಸದ ಪೂಜೆಯನ್ನು ಪೂಜೆಯೆಂದು ಒಪ್ಪುತ್ತಿರಲಿಲ್ಲ. ಹೊದಿಕೆಯೊಳಗೆ ಮುಖ ಹುದುಗಿಸಿ, ಸ್ಕ್ಯಾನಿಗೆ ಕರೆಯುವ ತನಕ ನಾಮ ಹೇಳಿದೆ. ಜೀವ ಹಗುರಾಯಿತು.

ಮರುದಿನ ಡಾಕ್ಟರ್ ಬಾಯಿಯವರು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಯಜಮಾನರೂ ಖಾನಾಪುರದಿಂದ ಬಂದ ನನ್ನಕ್ಕನೂ ಜೊತೆಗಿದ್ದರು. ಪಿತ್ತಜನಕಾಂಗ, ಮೂತ್ರಪಿಂಡ, ಎಲ್ಲಕ್ಕೂ ಗೆರೆ. ಗಂಟಲಲ್ಲಿ ಮಾತ್ರ ಕೆಂಡದಂಥ ಹೊಳಪು, ಅದಕ್ಕೂ ಒಂದು ಕೆಂಪು ಗೆರೆ. ಯಜಮಾನರು ನನ್ನ ಕೈ ಹಿಡಿದುಕೊಂಡರು.

"ಸೂಜಿ ಮಾಡಿದ ಮ್ಯಾಲ ಮಾತಾಡಿದ್ರೇನ್ರಿ?" ಎಂದರು ಡಾಕ್ಟರ್ ಬಾಯಿ.

"ಇಲ್ರೀ. ಒಬ್ಬಾಕಿನ ಇದ್ದೆ, ಯಾರ ಜೋಡಿ ಮಾತಾಡ್ಲಿ?"

"ಖರೇ ಹೇಳ್ರಿ."

"ಶಿವನಾಣಿ ಇಲ್ರೀ. ಬರೇ ನಾಮ ಹೇಳಕೋತ ಮಲಗಿದ್ದೆ."

"ಮನಸಿನಾಗ?"

ಅಕ್ಕ ತಡೆಯಲಿಲ್ಲ. "ಮನಸಿನಾಗ? ಈಕಿ ನಾಮ ಹಿಡದ್ರ ಬಾಜೂ ಮನಿಯವ್ರು ಎದ್ದು ಜಳಕಾ ಮಾಡ್ತಾರ್ರಿ!"

ಡಾಕ್ಟರ್ ಬಾಯಿ ನಕ್ಕು, ಆಕಾರದ ಚಿತ್ರವನ್ನು ಹಿಗ್ಗಿಸಿ ನೋಡಿದರು. ಅಲ್ಲಿ ಗಂಟು ಇರಲಿಲ್ಲ. ಆದರೂ ನನ್ನನ್ನು ಗಂಟಲಿನ ಡಾಕ್ಟರ ಹತ್ತಿರ ಕಳಿಸಿ, ಅವರೂ ಏನಿಲ್ಲ ಎಂದ ಮೇಲೆಯೇ ಆ ಗೆರೆ ಅಳಿಸಿದರು. "ನಾಮ ಹೇಳಿ ಹೇಳಿ ಗಂಟಲದ ಸ್ನಾಯು ದುಡದಾವ, ಸಕ್ಕರಿ ತಿಂದಾವ. ಕಂಪ್ಯೂಟರಿಗೇನ್ ಗೊತ್ರಿ, ಹೊಳದದ್ದಕ್ಕ ಗೆರಿ ಹಾಕೈತಿ. ಎಲ್ಲೂ ಹಬ್ಬಿಲ್ಲ, ಆರಾಮ ಹೋಗ್ರಿ."

ಕಣ್ಣೊರೆಸಿಕೊಂಡು ಪರದೆ ನೋಡಿದೆ. "ಇದು ಹೃದಯ ಅಲ್ರೀ? ಇದರಾಗ ಬೆಳಕ ಇಲ್ಲಲ್ರೀ?"

"ಸ್ಕ್ಯಾನಿಗಂತ ಉಪಾಸ ಇದ್ರಲ್ಲಾ, ಹಂಗ ಇರಬೇಕ್ರಿ. ಛಲೋನ ಆತು."

ರಿಕ್ಷಾದಲ್ಲಿ ಕುಳಿತ ಮೇಲೆ ಯಜಮಾನರಿಗೆ ಬಾಯಿ ಬಂತು. "ಹೃದಯದಾಗ ಏನೂ ಇಲ್ಲ, ಎಲ್ಲಾ ಗಂಟಲದಾಗ ಐತಿ. ಇದನ್ನ ತಿಳಕೊಳ್ಳಾಕ ನನಗ ಸ್ಕ್ಯಾನ್ ಬೇಕಾಗಿರಲಿಲ್ಲ ಬಿಡು."

ಅಕ್ಕನ ಎದುರಿಗೆ ಬೇಡವೆಂದು ಸುಮ್ಮನಿದ್ದೆ. ಮನೆಗೆ ಬಂದು ದೀಪ ಹಚ್ಚಿ, ಇವತ್ತಾದರೂ ಮನಸ್ಸಿನಲ್ಲೇ ನಾಮ ಹೇಳೋಣವೆಂದು ಕುಳಿತೆ. ಆದರೆ ಒಳಗೆ ಶಿವನಿಗಿಂತ ಮೊದಲು ಯಜಮಾನರಿಗೆ ಕೊಡಬೇಕಾಗಿದ್ದ ಜವಾಬುಗಳೇ ಸಾಲಾಗಿ ಬಂದು ನಿಂತವು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಅವನ್ನೆಲ್ಲ ದಾಟಿ ದೇವರನ್ನು ಮುಟ್ಟಲು ನನ್ನಂಥವಳಿಗೆ ಗಂಟಲೇ ಬೇಕು. ಬಾಯಿಬಿಟ್ಟು ಶುರುಮಾಡಿದೆ.