ದೊಡ್ಡಪ್ಪನ ಫ್ರೆಂಚ್ ತ್ರಿಕೋನ

ನಮ್ಮ ದೊಡ್ಡಪ್ಪನಿಗೆ ಫ್ರೆಂಚ್ ಸಿನಿಮಾ ಪೂರ್ತಿ ಅರ್ಥವಾಗುತ್ತದೆ; ಫ್ರೆಂಚ್ ಒಂದು ಬರುವುದಿಲ್ಲ, ಅಷ್ಟೆ! ಮೈಸೂರಿನಿಂದ ಬಂದು ಮೆಲ್ಬರ್ನಿನಲ್ಲಿ ಡಾಕ್ಟರಾಗಿ ರಿಟೈರ್ ಆದ ಈ ಮಹಾನುಭಾವರ ಪ್ರಕಾರ ಆ ದೇಶದಲ್ಲಿರುವುದು ಒಂದೇ ಕಥೆ. "ಇಬ್ರು ಸ್ನೇಹಿತರು, ಒಬ್ಳು ಹುಡುಗಿ. ಮೂವರಿಗೂ ಕೆಲ್ಸ ಇಲ್ಲ, ಮನೇಲಿ ಒಲೆ ಹಚ್ಚೋರಿಲ್ಲ. ಪ್ರೀತಿ ಮಾಡ್ದೆ ಇನ್ನೇನ್ ಮಾಡ್ತಾರೆ?"

ಇದನ್ನು ಅವರಷ್ಟು ಬಲ್ಲವರು ಇನ್ಯಾರು? ಮೆಡಿಕಲ್ ಕಾಲೇಜಿನಲ್ಲಿ ಅವರೂ ಅವರ ಜೀವದ ಗೆಳೆಯರೊಬ್ಬರೂ ಒಬ್ಬಳೇ ಹುಡುಗಿಗೆ ಮನಸೋತಿದ್ದರು. ಜಾತಕ ಕೂಡಿಬಂದದ್ದು ದೊಡ್ಡಪ್ಪನಿಗೆ. ಆಕೆಯೇ ನಮ್ಮ ದೊಡ್ಡಮ್ಮ. ಆ ಗೆಳೆಯರು ಮದುವೆಯಲ್ಲಿ ತಾವೇ ನಿಂತು ಪಂಕ್ತಿಗೆಲ್ಲ ಬಡಿಸಿ, ಆಮೇಲೆ ಸಿಡ್ನಿಯ ಚಾಟ್ಸ್‌ವುಡ್ ಸೇರಿದರು. ತಾವು ಮಾತ್ರ ಮದುವೆಯಾಗಲೇ ಇಲ್ಲ.

ಪ್ರತಿ ವರ್ಷ ಮೆಲ್ಬರ್ನಿಗೆ ಫ್ರೆಂಚ್ ಸಿನಿಮಾಗಳು ಬಂದಾಗ ಈ ಚಾಟ್ಸ್‌ವುಡ್ ಅಂಕಲ್ಲೂ ಬರುತ್ತಾರೆ. ದೊಡ್ಡಪ್ಪ ಯಾವಾಗಲೂ ಸಿನಿಮಾದ ಗಂಡನ ಕಡೆ, ಅಂಕಲ್ ಪ್ರೇಮಿಯ ಕಡೆ. ಥಿಯೇಟರಿನಿಂದ ಕ್ರೇಗಿಬರ್ನ್ ಬಡಾವಣೆಯ ದೊಡ್ಡಪ್ಪನ ಮನೆಯವರೆಗೂ ನನ್ನ ಕಾರಿನಲ್ಲಿ ಕುರುಕ್ಷೇತ್ರ!

"ಆ ಗಂಡ ಶುದ್ಧ ದಂಡಪಿಂಡ ಕಣೋ!" ಅಂಕಲ್ ಶುರು ಮಾಡುತ್ತಾರೆ.

"ನಿನ್ ಹೀರೋಗೆ ಮಳೇಲಿ ನೆನೆಯೋದು ಬಿಟ್ರೆ ಇನ್ನೇನ್ ಗೊತ್ತು?" ದೊಡ್ಡಪ್ಪ ಬಿಡುವುದಿಲ್ಲ.

"ಆ ಹುಡುಗೀನ ಯಾರಾದ್ರೂ ಒಂದ್ ಮಾತು ಕೇಳಿದ್ರಾ?" ಎನ್ನುತ್ತಾರೆ ಹಿಂದಿನ ಸೀಟಿನಿಂದ ದೊಡ್ಡಮ್ಮ. ಗಂಡಸರಿಬ್ಬರಿಗೂ ಒಟ್ಟಿಗೇ ಕೆಮ್ಮು!

ಈ ವರ್ಷ ಅಂಕಲ್ ಬರುವುದಿಲ್ಲ ಎಂದುಬಿಟ್ಟರು. ಕಣ್ಣು ಮಂಜಾಗಿ ಸಬ್‌ಟೈಟಲ್ ಓದಲು ಆಗುತ್ತಿಲ್ಲವಂತೆ. "ಇನ್ನು ನಂಗ್ಯಾಕೆ ಸಿನಿಮಾ, ಬಿಡೋ." ದೊಡ್ಡಪ್ಪನಿಗೆ ಊಟವೇ ಸೇರಲಿಲ್ಲ. ಅಷ್ಟು ಸಲಿಗೆಯಿಂದ ಬೈಯಲು ಈ ದೇಶದಲ್ಲಿ ಇನ್ಯಾರಿದ್ದಾರೆ? ಕೊನೆಗೆ ಫೋನಿನಲ್ಲಿ ಗದರಿದರು: "ನೀನು ಸುಮ್ನೆ ಬಾ. ನಾನು ಕನ್ನಡದಲ್ಲಿ ಹೇಳ್ತೀನಿ."

ಹೇಳಿದರು ನೋಡಿ! ಪರದೆಯ ಮೇಲೆ ಪಿಸುಮಾತು, ಇಲ್ಲಿ ಮೈಕಿಲ್ಲದ ಹರಿಕಥೆ. ಮುಂದಿನ ಸಾಲಿನವರು "ಶ್ಶ್!" ಎಂದಾಗಲೆಲ್ಲ ದೊಡ್ಡಪ್ಪ ತಮಗೆ ಬರುವ ಏಕೈಕ ಫ್ರೆಂಚ್ ಪದದಲ್ಲಿ ಥ್ಯಾಂಕ್ಸ್ ಹೇಳುತ್ತಾ "ಮೆರ್ಸಿ" ಎಂದು ಮುಂದುವರಿಸುತ್ತಿದ್ದರು.

ಕೊನೆಯ ದೃಶ್ಯ, ರೈಲ್ವೆ ಸ್ಟೇಷನ್. ಗಂಡ, ಪ್ರೇಮಿ ಇಬ್ಬರಿಗೂ ಒಂದೇ ಥರದ ಕಪ್ಪು ಕೋಟು. ಹುಡುಗಿ ಗಂಡನ ಕೈ ಹಿಡಿದು ರೈಲು ಹತ್ತಿದಳು.

"ಯಾರ ಜೊತೆ ಹೋದ್ಲೋ?" ಅಂಕಲ್ ಕೇಳಿದರು.

ದೊಡ್ಡಪ್ಪ ಪರದೆ ಬಿಟ್ಟು ಅಂಕಲ್ ಮುಖ ನೋಡಿದರು. "ನಿನ್ ಕಡೆಯೋನ ಜೊತೆ ಕಣೋ. ಗಂಡ ಅಲ್ಲೇ ನಿಂತಿದಾನೆ."

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ನನ್ನ ತೋಳು ಚಿವುಟಿದರು. ಅವರ ಕಣ್ಣು ತುಂಬಿತ್ತು.

ಕಾರಿನಲ್ಲಿ ಅಂಕಲ್ ಬೀಗಿದ್ದೇ ಬೀಗಿದ್ದು. "ಈಗಲಾದ್ರೂ ಒಪ್ಕೋ, ಸೋತೆ ಅಂತ!"

"ಸೋತೆ ಕಣೋ" ಎಂದರು, ಜನ್ಮದಲ್ಲಿ ಯಾರಿಗೂ ಸೋಲೊಪ್ಪದ ನಮ್ಮ ದೊಡ್ಡಪ್ಪ. ಅವರ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

"ಹಾಗಾದ್ರೆ ಮುಂದಿನ ವರ್ಷಕ್ಕೂ ನಂಗೊಂದು ಟಿಕೆಟ್ ಬುಕ್ ಮಾಡು" ಎಂದರು ಅಂಕಲ್.